ಆಪಾ ಎಣಿಸಿದ ದಿನಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗೋವಾದ ಕೆಪೆ ಹತ್ತಿರ ಒಂದು ಹಾಲಿನ ಸಂಘದಲ್ಲಿ ಕೆಲಸಕ್ಕಿದ್ದೆ. ಬೆದೆಗೆ ಬಂದ ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು, ಮೂರು ತಿಂಗಳಾದ ಮೇಲೆ ಕೈಹಾಕಿ ಗರ್ಭ ನಿಂತಿದೆಯೋ ಇಲ್ಲವೋ ನೋಡುವುದು, ಈಯುವ ತಾರೀಖನ್ನು ಕಾರ್ಡಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ನಾನು ಡಾಕ್ಟರನಲ್ಲ. ಆದರೆ ಸೈಕಲ್ಲಿನ ಹಿಂದೆ ನೈಟ್ರೋಜನ್ ಕ್ಯಾನು ಕಟ್ಟಿಕೊಂಡು ಓಡಾಡುವವನನ್ನು ಜನ ಡಾಕ್ಟರ್ ಎಂದೇ ಕರೆಯುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ.

ಊರ ಹೊರಗೆ, ಗಣಿ ಲಾರಿಗಳು ನಿಲ್ಲುವ ಬಯಲಿನ ಪಕ್ಕದಲ್ಲಿ ಚಿರೆಕಲ್ಲಿನ ಬಾಡಿಗೆ ಕೋಣೆಗಳ ಒಂದು ಸಾಲು ಇತ್ತು. ಅಲ್ಲಿದ್ದವರೆಲ್ಲ ಬಾಗಲಕೋಟೆ, ವಿಜಾಪುರದ ಕಡೆಯವರು. ಕೊನೆಯ ಕೋಣೆಯಲ್ಲಿ ಒಬ್ಬ ಲಾರಿ ಚಾಲಕ ಮತ್ತು ಅವನ ಹೆಂಡತಿ ಇದ್ದರು. ಆಕೆಯನ್ನು ಸಾಲಿನವರೆಲ್ಲ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಟ್ಟಡದ ಕೆಲಸದಲ್ಲಿ ತಲೆಯ ಮೇಲೆ ಕಲ್ಲು ಹೊರುವ ಹೆಣ್ಣುಮಗಳು. ಮೊದಲು ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಗೋವೆಯ ಯಜಮಾನಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಆ ಮನೆಯ ಆಕಳು ಕರು ಹಾಕಿ ಸತ್ತುಹೋಯಿತಂತೆ. ತಾಯಿಯಿಲ್ಲದ ಕರುವನ್ನು ಆ ಬಾಯಿ ಇವರಿಗೆ ಕೊಟ್ಟರು. ಆಪಾ ಅದಕ್ಕೆ ಅಕ್ಕಿ ಗಂಜಿ ಕುಡಿಸಿ, ಬೆರಳು ಚೀಪಿಸಿ ಬದುಕಿಸಿದ್ದರು. ಜರ್ಸಿ ಮಿಶ್ರತಳಿ, ಜಿಂಕೆಯ ಬಣ್ಣ, ಹೆಸರು ಮುನ್ನಿ. ಎರಡೂವರೆ ವರ್ಷಕ್ಕೆ ಬೆದೆಗೆ ಬಂದಾಗ ನನ್ನನ್ನು ಕರೆಸಿದರು.

“ಇದು ಈದು ಹಾಲ ಕೊಡಾಕ ಹತ್ತಿದ್ರ ನಾ ಕಲ್ಲ ಹೊರೂದು ಬಿಡತೇನ್ರಿ ಅಣ್ಣಾರ,” ಎಂದರು. “ಕುತಗಿ ಸೇದಾಕತ್ತೈತಿ.”

ಅದು ರಂಜಾನ್ ತಿಂಗಳಿಗೆ ಹದಿನೈದು ದಿನ ಮೊದಲು ಬರುವ ಶಬೇಬರಾತ್ ಹಬ್ಬ ಆದ ಮೂರನೇ ದಿನ. ನನಗೆ ಅದು ನೆನಪಿರಲಿಲ್ಲ. ಅವರು ಆಮೇಲೆ ಎಷ್ಟೋ ಸಲ ಹೇಳಿದ್ದರಿಂದ ಈಗ ಮರೆಯಲು ಸಾಧ್ಯವಿಲ್ಲ. ಅಂದು ಎಲ್ಲವೂ ಸರಿಯಾಗಿ ನಡೆಯಿತು. ಕ್ಯಾನಿನಿಂದ ವೀರ್ಯದ ಕಡ್ಡಿ ತೆಗೆದೆ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿದೆ, ಒರೆಸಿ ಗನ್ ಎನ್ನುವ ಉದ್ದನೆಯ ಉಕ್ಕಿನ ಕೊಳವೆಗೆ ಹಾಕಿದೆ. ಮುನ್ನಿ ಅಲುಗಾಡದೆ ನಿಂತಿತ್ತು. ಕಾರ್ಡಿನಲ್ಲಿ ಮೊದಲನೆಯ ತಾರೀಖು ಬರೆದು ಬಂದೆ.

ಇದಾಗಿ ಹತ್ತು ದಿನಕ್ಕೆ ನಾನು ರಜೆ ಹಾಕಿ ಊರಿಗೆ ಹೋದೆ. ತಂಗಿಯ ಮದುವೆ. ಎಂಟು ದಿನ ಅಂತ ಹೋದವನು ಹತ್ತು ದಿನ ಕಳೆದು ಬಂದೆ.

ನೈಟ್ರೋಜನ್ ಕ್ಯಾನಿನ ವಿಷಯ ಸ್ವಲ್ಪ ಹೇಳಬೇಕು. ಕಡ್ಡಿಗಳನ್ನು ಹೆಪ್ಪುಗಟ್ಟಿಸಿ ಇಡುವ ಅದರೊಳಗಿನ ದ್ರವ ಮುಚ್ಚಳ ಮುಚ್ಚಿದರೂ ದಿನದಿನಕ್ಕೂ ಆರುತ್ತ ಹೋಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಒಂದು ಕಟ್ಟಿಗೆಯ ಪಟ್ಟಿಯನ್ನು ತಳದವರೆಗೆ ಇಳಿಬಿಟ್ಟು, ಹೊರಗೆ ತೆಗೆದು ಗಾಳಿಗೆ ಆಡಿಸಿದರೆ ದ್ರವ ಇದ್ದಷ್ಟು ಎತ್ತರಕ್ಕೆ ಬಿಳಿಯ ಮಂಜು ಕಟ್ಟುತ್ತದೆ. ಮಂಜು ನಾಲ್ಕು ಬೆರಳಿಗಿಂತ ಕೆಳಗೆ ಇಳಿದರೆ ಮಡಗಾಂವಿಗೆ ಹೇಳಿ ತುಂಬಿಸಬೇಕು. ದ್ರವ ಆರಿ ಕಡ್ಡಿಗಳು ಒಮ್ಮೆ ಬೆಚ್ಚಗಾದವೆಂದರೆ ಮುಗಿಯಿತು. ಮತ್ತೆ ಎಷ್ಟು ತಂಪು ಮಾಡಿದರೂ ಒಳಗಿನ ಜೀವ ಬರುವುದಿಲ್ಲ. ಊರಿಗೆ ಹೊರಡುವ ಮುಂಜಾನೆ ಪಟ್ಟಿ ಇಳಿಸಿ ನೋಡುವುದು ನನ್ನ ಕರ್ತವ್ಯ. ಬಸ್ಸಿನ ಗಡಿಬಿಡಿಯಲ್ಲಿ ನೋಡಲಿಲ್ಲ.

ತಿರುಗಿ ಬಂದ ಮರುದಿನ ಪಟ್ಟಿ ಇಳಿಸಿದೆ. ಹೊರಗೆ ತೆಗೆದು ಎಷ್ಟು ಆಡಿಸಿದರೂ ಮಂಜು ಕಟ್ಟಲಿಲ್ಲ. ಕೈ ಹಾಕಿದರೆ ಕ್ಯಾನಿನ ಕತ್ತು ಬೆಚ್ಚಗಿತ್ತು.

ಸಂಘದ ಕಾರ್ಯದರ್ಶಿಗೆ ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಲಾರಿ ಸಾಲಿನಿಂದ ಒಬ್ಬ ಬಂದು, ಮುನ್ನಿ ಮುಂಜಾನೆಯಿಂದ ಕೂಗುತ್ತಿದೆ, ಮತ್ತೆ ಬೆದೆಗೆ ಬಂದ ಹಾಗಿದೆ, ಆಪಾ ಕರೆಯುತ್ತಿದ್ದಾರೆ ಎಂದ. ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೊಂದು ದಿನ. ಮೊದಲನೆಯದು ನಿಂತಿಲ್ಲ ಎಂದುಕೊಂಡೆ. ಕಡ್ಡಿ ಇಲ್ಲ ಅಂದರೆ ಏಕಿಲ್ಲ ಎಂದು ಕೇಳುತ್ತಾರೆ, ಮಾತು ಸಂಘದವರೆಗೆ ಹೋಗುತ್ತದೆ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಾನೊಂದು ಉಪಾಯ ಹೂಡಿದೆ. ಇದೊಂದು ಸಲ ಹೋಗಿ ಸತ್ತ ಕಡ್ಡಿಯನ್ನೇ ಹಾಕಿ ಬರುವುದು. ಇನ್ನು ಇಪ್ಪತ್ತೊಂದು ದಿನಕ್ಕೆ ಅದು ಮತ್ತೆ ಬೆದೆಗೆ ಬಂದೇ ಬರುತ್ತದೆ, ಆಗ ಒಳ್ಳೆಯ ಕಡ್ಡಿ ಹಾಕಿದರಾಯಿತು. ಯಾರಿಗೂ ನಷ್ಟವಿಲ್ಲ. ಸೈಕಲ್ ತುಳಿಯುತ್ತ ಹೀಗೆ ನನಗೆ ನಾನೇ ಹೇಳಿಕೊಂಡೆ.

ಆಗ ನಡುಮಧ್ಯಾಹ್ನ. ಆಪಾ ಮುನ್ನಿಯ ಹಗ್ಗ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಿದ್ದರು. ರಂಜಾನಿನ ಉಪವಾಸ, ತುಟಿ ಒಣಗಿದ್ದವು. ನೆರಳಿಗೆ ಬರ್ರಿ ಎಂದೆ.

“ಒಂಬತ್ತನೇ ರೋಜಾ ಐತ್ರಿ ಇವತ್ತ,” ಎಂದರು. “ನೀವ ಲಗೂನ ಮುಗಸ್ರಿ. ಅದು ನನ್ನ ಬಿಟ್ರ ಯಾರ ಕಡೆನೂ ನಿಂದ್ರಂಗಿಲ್ಲ.”

ನಾನು ನೀರು ಬೆಚ್ಚಗೆ ಮಾಡಿಸಿದೆ. ಸತ್ತ ಕಡ್ಡಿಯನ್ನು ಅದರಲ್ಲಿ ಅದ್ದಿ ಅರ್ಧ ನಿಮಿಷ ಗಡಿಯಾರ ನೋಡಿದೆ. ಒರೆಸಿದೆ, ತುದಿ ಕತ್ತರಿಸಿದೆ. ಒಂದನ್ನೂ ಬಿಡಲಿಲ್ಲ. ಆದರೆ ಗನ್ನನ್ನು ಗರ್ಭಕೋಶದ ಬಾಯಿ ದಾಟಿಸುವ ಗೋಜಿಗೆ ಹೋಗಲಿಲ್ಲ, ಹೊರಗೇ ಬಿಟ್ಟು ತೆಗೆದೆ. ಆ ಸೋಮಾರಿತನದಿಂದಲೇ ಒಳಗಿದ್ದ ಜೀವ ಉಳಿಯಿತು ಎಂದು ತಿಳಿದದ್ದು ಆಮೇಲೆ. ಗರ್ಭ ನಿಂತ ಆಕಳೂ ಒಮ್ಮೊಮ್ಮೆ ಬೆದೆಯ ಲಕ್ಷಣ ತೋರಿಸುವುದುಂಟು. ಮುನ್ನಿಗೆ ಮೊದಲನೆಯದೇ ನಿಂತಿತ್ತು. ಕಾರ್ಡಿನಲ್ಲಿ ಎರಡನೆಯ ತಾರೀಖು ಬರೆದು ಸಹಿ ಹಾಕಿದೆ.

ಮರುದಿನ ಕಾರ್ಯದರ್ಶಿಗೆ ಕ್ಯಾನು ಸೋರುತ್ತಿದೆ ಎಂದೆ, ಹಳೆಯ ಕಡ್ಡಿಗಳನ್ನೆಲ್ಲ ಎಸೆದೆ, ಹೊಸವು ಬಂದವು. ಇಪ್ಪತ್ತೊಂದು ದಿನ ಕಾದೆ. ಲಾರಿ ಸಾಲಿನಿಂದ ಯಾರೂ ಬರಲಿಲ್ಲ.

ಮೂರೂವರೆ ತಿಂಗಳ ಮೇಲೆ ಅತ್ತ ಹೋದಾಗ ಕೈಹಾಕಿ ನೋಡಿದೆ. ಗರ್ಭ ಇತ್ತು, ಎರಡನೆಯ ತಾರೀಖಿನ ಲೆಕ್ಕಕ್ಕಿಂತ ದೊಡ್ಡದಾಗಿಯೇ ಇತ್ತು. ಎರಡನೆಯ ತಾರೀಖಿನಿಂದ ಗರ್ಭ ನಿಂತಿರುವುದು ಸಾಧ್ಯವೇ ಇಲ್ಲ ಎಂದು ಈ ಲೋಕದಲ್ಲಿ ತಿಳಿದಿದ್ದವನು ನಾನೊಬ್ಬನೇ.

“ಮೊದಲನೇದ್ದ ನಿಂತೈತಿ ಅನಸತೈತ್ರಿ ನನಗ,” ಎಂದರು ಆಪಾ. “ಶಬೇಬರಾತ್ ಆಗಿ ಮೂರನೇ ದಿನದ್ದು. ಎರಡನೇ ಸಲ ಅದು ಬರೇ ಕೂಗಿತು, ಮೈ ಕೊಡಲಿಲ್ಲ.”

“ಎರಡ ಸಲ ಹಾಕಿದ್ರ ಕೊನೀದ್ದ ಲೆಕ್ಕಾ ಹಿಡೀಬೇಕ್ರಿ ಆಪಾ,” ಎಂದೆ. ನಿಯಮ ಇದ್ದದ್ದೂ ಹಾಗೆಯೇ. ಆ ನಿಯಮದ ಹಿಂದೆ ನಿಂತುಕೊಂಡು, ಈಯುವ ತಾರೀಖನ್ನು ಇಪ್ಪತ್ತೊಂದು ದಿನ ಮುಂದಕ್ಕೆ ಬರೆದುಕೊಟ್ಟೆ. ಎಷ್ಟಂದರೂ ಆಕಳು ತನ್ನ ಸಮಯಕ್ಕೆ ತಾನೇ ಈಯುತ್ತದೆ, ಕಾರ್ಡು ನೋಡಿಕೊಂಡು ಈಯುವುದಿಲ್ಲವಲ್ಲ ಎಂದುಕೊಂಡೆ.

ಮಳೆಗಾಲ ಮುಗಿಯಿತು. ಮುನ್ನಿ ಗದ್ದೆಯ ಬದುವಿನ ಹುಲ್ಲು ತಿಂದು ಹೊಟ್ಟೆ ತುಂಬಿಕೊಂಡಿತು. ಗೇರುಮರ ಹೂ ಬಿಡುವ ಹೊತ್ತಿಗೆ ಕೆಚ್ಚಲು ಇಳಿಯಿತು. ಒಂದು ಮುಂಜಾನೆ ಆಪಾ ಕೆಲಸಕ್ಕೆ ಹೋಗುವ ದಾರಿಯಲ್ಲಿ, ತಲೆಯ ಮೇಲಿನ ಸಿಂಬೆ ತೆಗೆಯದೆಯೇ ನಮ್ಮ ಸಂಘದ ಕೇಂದ್ರಕ್ಕೆ ಬಂದರು.

“ಅಣ್ಣಾರ, ಒಂಬತ್ತು ಚಂದ್ರ ಆತು, ಮ್ಯಾಲ ಒಂಬತ್ತು ದಿನಾನೂ ಆತು. ಅದರ ಮ್ಯಾಲ ಮತ್ತ ಎಂಟ ದಿನ ಹೋದ್ವು. ಇನ್ನೂ ಈದಿಲ್ಲ.”

ಅವರಿಗೆ ಓದು ಬರಹ ಇರಲಿಲ್ಲ. ಪ್ರತಿ ಅಮಾವಾಸ್ಯೆಯ ಮೇಲೆ ಚಂದ್ರ ಕಂಡ ಸಂಜೆ ಕೊಟ್ಟಿಗೆಯ ಗೂಟದ ಮೇಲೆ ಸುಣ್ಣದ ಒಂದು ಬೊಟ್ಟು ಇಡುತ್ತಿದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು ಚಂದ್ರಕ್ಕೆ ಇನ್ನೂರ ಅರವತ್ತಾರು, ಮೇಲೆ ಹದಿನೇಳು. ಆಕಳಿಗೆ ಇನ್ನೂರ ಎಂಬತ್ತು ದಿನ. ನಿಜವಾದ ತಾರೀಖಿನಿಂದ ಮೂರು ದಿನ ದಾಟಿತ್ತು.

“ಕಾರ್ಡಿನ್ಯಾಗ ಇನ್ನೂ ಹದಿನೆಂಟ ದಿನ ಐತ್ರಿ,” ಎಂದೆ. “ಚೊಚ್ಚಲ ಅಂದ್ರ ಒಂದೆರಡ ದಿನ ಹಿಂದ ಮುಂದ ಆಕ್ಕೈತಿ. ಕಾಳಜಿ ಮಾಡಬ್ಯಾಡ್ರಿ.”

ಮೂರು ದಿನ ದೊಡ್ಡದೇನಲ್ಲ. ಅದು ಸುಳ್ಳಲ್ಲ. ಆದರೆ ಮರುದಿನದಿಂದ ನಾನು ಆ ಸಾಲಿನ ಕಡೆಗೆ ಏನಾದರೂ ನೆವ ಮಾಡಿಕೊಂಡು ದಿನಾ ಹೋಗತೊಡಗಿದೆ. ಹೋದಾಗಲೆಲ್ಲ ಬಾಲದ ಬುಡ ಒತ್ತಿ ನೋಡುತ್ತಿದ್ದೆ. ಈಯುವ ಹೊತ್ತು ಹತ್ತಿರ ಬಂದರೆ ಅಲ್ಲಿನ ಎರಡು ಕಡೆಯ ನರಗಳು ಸಡಿಲಾಗಿ ಗುಣಿ ಬೀಳುತ್ತವೆ. ಮುನ್ನಿಯದು ಬಿಗಿಯಾಗಿ ಹಗ್ಗದ ಹಾಗೇ ಇತ್ತು. ಐದು ದಿನ, ಏಳು ದಿನ. ಕೆಚ್ಚಲು ಕಲ್ಲಿನಂತಾಗಿ ಮೊಲೆಗಳು ಮಿಂಚುತ್ತಿದ್ದವು.

ಸಾಲಿನ ಹೆಂಗಸರಿಗೆ ಇದೊಂದು ನಗೆಯ ವಿಷಯವಾಯಿತು. “ಚಂದ್ರನ್ನ ನೋಡಿ ಎಣಸ್ತಾಳಂತ. ಡಾಕ್ಟರ್‌ಗಿಂತ ಇಕೀಗೆ ಹೆಚ್ಚ ಗೊತ್ತೈತಿ” ಎಂದು ಪಕ್ಕದ ಕೋಣೆಯವಳು ನನ್ನೆದುರೇ ಅಂದಳು. ಆಪಾರ ಗಂಡ ಕಾರ್ಡನ್ನು ಗೋಡೆಯ ಮೊಳೆಯಿಂದ ತೆಗೆದು ಬೆರಳಿಟ್ಟು ಓದಿದ. “ಬರದದ್ದು ಸುಳ್ಳ ಆಕ್ಕೈತೇನ? ಸುಮ್ಮನ ತಲಿ ತಿನಬ್ಯಾಡ,” ಎಂದ. ಆಪಾ ನನ್ನ ಮುಖ ನೋಡಿದರು. ನಾನು ಕೆಚ್ಚಲು ಮುಟ್ಟಿ ನೋಡುತ್ತ ಕುಳಿತೆ.

ನಿಜವಾದ ತಾರೀಖು ದಾಟಿದ ಒಂಬತ್ತನೇ ದಿನ ಮಂಗಳವಾರ. ವಾರಕ್ಕೊಮ್ಮೆ ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಪಶುವೈದ್ಯರು ಅಂದು ಬಂದರು. ಗೋವೆಯವರು, ಐವತ್ತು ದಾಟಿದವರು, ಮಾತು ಕಡಿಮೆ. ಅವರನ್ನು ಕರೆದುಕೊಂಡು ಹೋದೆ. ಅವರು ಭುಜದವರೆಗೆ ಕೈಹಾಕಿ ಬಹಳ ಹೊತ್ತು ನೋಡಿದರು. ಕರುವಿನ ಗೊರಸನ್ನು ಬೆರಳಿಂದ ಚಿವುಟಿದಾಗ ಅದು ಕಾಲು ಎಳೆದುಕೊಂಡಿತಂತೆ. ಜೀವ ಇದೆ, ಕರು ದಪ್ಪ ಇದೆ, ಗರ್ಭಕೋಶದ ಬಾಯಿ ಇನ್ನೂ ಮುಚ್ಚಿದೆ ಎಂದರು. ಆಮೇಲೆ ಕೈ ತೊಳೆದುಕೊಂಡು ಕಾರ್ಡು ಕೇಳಿದರು.

“ಇನ್ನೂ ಹನ್ನೆರಡು ದಿನ ಇದೆಯಲ್ಲ,” ಎಂದರು ಕೊಂಕಣಿಯಲ್ಲಿ. “ಹಾಗಾದರೆ ಏಕೆ ಅವಸರ? ಥೊಡೆ ದೀಸ್ ರಾವ್.” ಇನ್ನು ಕೆಲವು ದಿನ ತಡೆಯಿರಿ ಎಂದು ಅರ್ಥ. ಆಪಾ ತಮಗೆ ಬರುವಷ್ಟು ಕೊಂಕಣಿಯಲ್ಲಿ ಶಬೇಬರಾತಿನ ಮಾತು ತೆಗೆದರು. ಡಾಕ್ಟರು ನನ್ನ ಕಡೆ ತಿರುಗಿ, “ಎರಡನೆಯ ಸಲ ನೀನೇ ಹಾಕಿದ್ದಲ್ಲವೇ?” ಎಂದು ಕೇಳಿದರು.

“ಹೌದು,” ಎಂದೆ.

ಅಷ್ಟೇ. ಆ ಒಂದು ಮಾತಿನಿಂದ ಡಾಕ್ಟರು ಜೀಪು ಹತ್ತಿ ಹೋದರು.

ಮುಂದಿನ ಎರಡು ದಿನ ನಾನು ಹೇಗೆ ಕಳೆದೆನೆಂದು ಹೇಳುವುದು ಕಷ್ಟ. ತರಬೇತಿಯ ಪುಸ್ತಕದಲ್ಲಿ ದಿನ ಮೀರಿದ ಗರ್ಭದ ಬಗ್ಗೆ ಇದ್ದದ್ದು ಒಂದು ಪುಟ. ಅದನ್ನೇ ತಿರುತಿರುಗಿ ಓದಿದೆ. ದಿನ ಮೀರಿದಷ್ಟೂ ಕರು ಬೆಳೆಯುತ್ತದೆ. ಚೊಚ್ಚಲ ಆಕಳಿನ ಸೊಂಟದ ಎಲುಬು ಬೆಳೆಯುವುದಿಲ್ಲ. ಹನ್ನೊಂದನೇ ದಿನ ಮುಂಜಾನೆ ಹೋದಾಗ ಮುನ್ನಿ ಹುಲ್ಲು ಮುಟ್ಟಿರಲಿಲ್ಲ. ಆಪಾ ಅಂದು ಕೆಲಸಕ್ಕೆ ಹೋಗದೆ ಅದರ ಪಕ್ಕದಲ್ಲಿ ಕುಳಿತಿದ್ದರು. ಈ ಸಲ ಅವರು ಶಬೇಬರಾತಿನ ಹೆಸರೆತ್ತಲಿಲ್ಲ.

“ನನ್ನ ಎಣಿಕಿ ತಪ್ಪಿದ್ರ ತಪ್ಪಿರಲಿ ಅಣ್ಣಾರ,” ಎಂದರು. “ಒಮ್ಮೆ ಅದರ ಕಣ್ಣ ನೋಡ್ರಿ.”

ನೋಡಿದೆ. ಸೈಕಲ್ಲನ್ನು ಅಲ್ಲೇ ಬಿಟ್ಟು, ಬಂದ ಬಸ್ಸು ಹತ್ತಿ ಡಾಕ್ಟರ ಆಸ್ಪತ್ರೆಗೆ ಹೋದೆ. ಅವರು ಒಂದು ನಾಯಿಗೆ ಹೊಲಿಗೆ ಹಾಕುತ್ತಿದ್ದರು. ಮುಗಿಯುವವರೆಗೆ ಬಾಗಿಲಲ್ಲಿ ನಿಂತೆ. ನಾಯಿಯವರು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಒಣಗಿದ ಕ್ಯಾನು, ಸತ್ತ ಕಡ್ಡಿ, ಕಾರ್ಡು, ಮಂಗಳವಾರ ಅಂದ ‘ಹೌದು’. ಡಾಕ್ಟರು ಕೈಗೆ ಸೋಪು ಹಚ್ಚಿಕೊಂಡು ತೊಳೆಯುತ್ತಲೇ ಇದ್ದರು.

“ಇಂಥ ಆಕಳು ಇನ್ನೆಷ್ಟಿವೆ?” ಎಂದು ಕೇಳಿದರು.

“ಇದೊಂದೇ.”

“ನಿಜವೋ?”

“ನಿಜ.”

“ನಾನು ಹೇಗೆ ನಂಬಲಿ?” ಎಂದರು. ಬೈಯಲಿಲ್ಲ. ಉತ್ತರ ಬೇಕಾಗಿದೆ ಎನ್ನುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, “ಮಂಗಳವಾರ ಇದನ್ನು ಹೇಳಿದ್ದರೆ ಮಂಗಳವಾರವೇ ಸೂಜಿ ಹಾಕುತ್ತಿದ್ದೆ,” ಎಂದರು.

ಅವರು ಬಂದು ಮುನ್ನಿಯ ತೊಡೆಗೆ ಈಯುವ ನೋವು ಬರಿಸುವ ಸ್ಟಿರಾಯ್ಡ್ ಸೂಜಿ ಹಾಕಿದರು. ಅದು ಕೆಲಸ ಮಾಡಲು ಎರಡು ದಿನ, ಕೆಲವೊಮ್ಮೆ ಮೂರು ದಿನ ಬೇಕು. ಆಪಾ, ಕಾರ್ಡಿನಲ್ಲಿ ಇನ್ನೂ ಹತ್ತು ದಿನ ಇದೆಯಲ್ಲ, ಈಗೇಕೆ ಎಂದು ಕೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ನಾನೇ ಹೇಳಲಿ ಎಂದು ಅವರ ಮನಸ್ಸಿನಲ್ಲಿತ್ತು. ನಾನು, “ಕರಾ ದೊಡ್ಡದೈತ್ರಿ, ತಡಾ ಮಾಡೂದ ಬ್ಯಾಡ ಅಂದಾರ” ಎಂದೆ. ಡಾಕ್ಟರು ಚೀಲ ಮುಚ್ಚಿದರು.

ಮೂರನೇ ದಿನ ಮುಂಜಾನೆ ಬಾಲದ ಬುಡದಲ್ಲಿ ಗುಣಿ ಬಿದ್ದಿತ್ತು. ಹನ್ನೊಂದರ ಹೊತ್ತಿಗೆ ನೀರಿನ ಚೀಲ ಒಡೆಯಿತು. ಒಂದು ತಾಸಾದರೂ ಗೊರಸು ಕಾಣಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿ, ಹತ್ತಿ ಹಗ್ಗಗಳನ್ನು ನೀರಿನಲ್ಲಿ ಕುದಿಯಲು ಇಟ್ಟೆ. ಅವರು ಬಂದು ಅಂಗಿ ಬಿಚ್ಚಿ ಮೊಣಕೈ ಮೇಲೆಲ್ಲ ಸೋಪು ಹಚ್ಚಿಕೊಂಡು ಕೈಹಾಕಿದರು. ಮುಂಗಾಲು ಎರಡೂ ಇವೆ, ತಲೆಯೂ ಸರಿಯಾಗಿದೆ, ಆದರೆ ಹಣೆ ಸೊಂಟದ ಎಲುಬಿಗೆ ಬಂದು ಒತ್ತಿಕೊಂಡಿದೆ ಎಂದರು. ಹೊಟ್ಟೆ ಕೊಯ್ದು ತೆಗೆಯುವುದು ಆ ಬಯಲಿನಲ್ಲಿ, ಆ ಧೂಳಿನಲ್ಲಿ ಕೊನೆಯ ಮಾತು. ಮೊದಲು ಎಳೆದು ನೋಡುವುದು ಎಂದು ತೀರ್ಮಾನವಾಯಿತು.

ಒಂದೊಂದು ಕಾಲಿಗೆ ಗಂಟಿನ ಮೇಲೆ ಒಂದೊಂದು ಹಗ್ಗ, ಕಿವಿಯ ಹಿಂದಿನಿಂದ ತಲೆಗೆ ಇನ್ನೊಂದು. ಡಾಕ್ಟರು ಗಿಂಡಿಗಟ್ಟಲೆ ಕೊಬ್ಬರಿ ಎಣ್ಣೆಯನ್ನು ಒಳಗೆ ಸವರಿದರು. ಸಾಲಿನ ಇಬ್ಬರು ಚಾಲಕರು ಎಳೆಯಲು ಬಂದರು. ಆಕಳು ತಿಣುಕಿದಾಗ ಮಾತ್ರ ಎಳೆಯಬೇಕು, ಎರಡೂ ಕಾಲನ್ನು ಕೂಡಿಸಿ ಎಳೆಯಬಾರದು. ಒಂದು ಕಾಲು ಒಂದಿಷ್ಟು, ಆಮೇಲೆ ಇನ್ನೊಂದು, ಭುಜಗಳು ಒಂದೊಂದಾಗಿ ಎಲುಬು ದಾಟಬೇಕು. ನಾನು ಬಲಗಾಲಿನ ಹಗ್ಗ ಹಿಡಿದಿದ್ದೆ. ಗೊರಸು ಹೊರಬಂದಾಗ ಅದನ್ನು ಮುಟ್ಟಿದೆ. ಹುಟ್ಟುವ ಕರುವಿನ ಗೊರಸು ಮೇಣದಂತೆ ಮೆತ್ತಗಿರುತ್ತದೆ. ಇದು ಗಟ್ಟಿಯಾಗಿತ್ತು.

ಆಪಾ ಮುನ್ನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಮುಖ ಹೊರಬಂದಾಗ ನಾಲಿಗೆ ಅಲುಗಿತು. ಎಲ್ಲರೂ ಕಂಡರು. ಭುಜ ದಾಟಿತು, ಎದೆ ದಾಟಿತು. ಸೊಂಟಕ್ಕೆ ಬಂದು ಕರು ಸಿಕ್ಕಿಕೊಂಡಿತು. ಅರ್ಧ ಹೊರಗೆ, ಅರ್ಧ ಒಳಗೆ. ಡಾಕ್ಟರು ಎಳೆಯುವುದನ್ನು ನಿಲ್ಲಿಸಿ, ಕರುವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮಗ್ಗುಲಿಗೆ ತಿರುಗಿಸಲು ಹತ್ತಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ತಿರುಗಿ, ಒಮ್ಮೆಲೇ ಹೊರಬಂದು ಹುಲ್ಲಿನ ಮೇಲೆ ಬಿತ್ತು.

ಹೆಣ್ಣುಕರು. ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದೆವು, ಮೂಗಿನ ಲೋಳೆ ತೆಗೆದೆವು, ಹುಲ್ಲಿನ ಕಡ್ಡಿಯಿಂದ ಮೂಗಿನೊಳಗೆ ಕೆರಳಿಸಿದೆವು, ತಣ್ಣೀರು ಎರಚಿದೆವು. ಡಾಕ್ಟರು ಮೊಣಕಾಲೂರಿ ಪಕ್ಕೆಲುಬು ಒತ್ತಿದರು. ಎದೆ ಎರಡು ಸಲ ಹಾರಿ ನಿಂತುಹೋಯಿತು. ನಾನು ಗೋಣಿಚೀಲದಿಂದ ಮೈ ತಿಕ್ಕುತ್ತಲೇ ಇದ್ದೆ. ಸಾಕು ಎಂದು ಡಾಕ್ಟರು ನನ್ನ ಕೈ ಹಿಡಿದರು.

ಅವರು ಹೊರಡುವಾಗ ನನ್ನನ್ನು ಕರುವಿನ ಹತ್ತಿರ ಕರೆದು ಅದರ ತುಟಿ ಮೇಲೆತ್ತಿದರು. ಹಲ್ಲುಗಳೆಲ್ಲ ಪೂರ್ತಿ ಮೂಡಿದ್ದವು. ಮೈಕೂದಲು ವಾರದ ಕರುವಿನಷ್ಟು ಉದ್ದ ಇತ್ತು. ತುಟಿ ಬಿಟ್ಟು ಎದ್ದುಹೋದರು.

ಮುನ್ನಿ ಏಳಲಿಲ್ಲ. ಕರು ಸಿಕ್ಕಿಕೊಂಡಿದ್ದ ಹೊತ್ತಿನಲ್ಲಿ ಸೊಂಟದೊಳಗಿನ ನರ ಜಜ್ಜಿ ಹಿಂಗಾಲು ಬಲ ಕಳೆದುಕೊಂಡಿದ್ದವು. ಮುಂದಿನ ನಾಲ್ಕು ದಿನ ನನ್ನ ಕೆಲಸ ಅಲ್ಲೇ. ಕೆಳಗೆ ಮರಳು, ಅದರ ಮೇಲೆ ಭತ್ತದ ಹುಲ್ಲು ಹಾಸಿದೆವು. ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಭಾರಕ್ಕೆ ಮಾಂಸ ಕೊಳೆಯುತ್ತದೆ. ಮುಂಜಾನೆ ಸಂಜೆ ಹೊಟ್ಟೆಯ ಕೆಳಗೆ ಗೋಣಿಚೀಲ ತೂರಿಸಿ, ಬಿದಿರು ಕಟ್ಟಿ, ಆರು ಜನ ಎತ್ತಿ ನಿಲ್ಲಿಸುತ್ತಿದ್ದೆವು. ನಿಲ್ಲಿಸಿದರೆ ಹಿಂಗಾಲು ಅಗಲಿ ಜಾರುತ್ತಿದ್ದವು. ಆಪಾ ಮಲಗಿದ್ದ ಆಕಳಿನಿಂದಲೇ ಹಾಲು ಹಿಂಡಿ ತೆಗೆಯುತ್ತಿದ್ದರು.

ಮಗ್ಗುಲು ಬದಲಿಸುವಾಗ ಸಾಲಿನ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಕಾರ್ಡಿನಲ್ಲಿ ಇನ್ನೂ ದಿನ ಇದ್ದವು. ಈಕೆ ಡಾಕ್ಟರರ ಬೆನ್ನು ಹತ್ತಿ ಅವಸರ ಮಾಡಿ ಸೂಜಿ ಹಾಕಿಸಿದಳು. ದಿನ ತುಂಬದ ಕರು ಸಾಯದೆ ಏನು ಮಾಡುತ್ತದೆ? ಪಕ್ಕದ ಕೋಣೆಯವಳು ಅಂದದ್ದು, ಗಂಡ ಅಂದದ್ದು, ಎಲ್ಲ ಅದೇ. ಮೂರನೆಯ ದಿನ ಆಪಾ ಒಂದು ಅಲ್ಯೂಮಿನಿಯಂ ಡಬ್ಬಿಯಲ್ಲಿ ಗಿಣ್ಣ ಮಾಡಿಕೊಂಡು ಕೇಂದ್ರಕ್ಕೆ ಬಂದರು. ಬೆಲ್ಲ, ಏಲಕ್ಕಿ ಹಾಕಿದ್ದರು. ಸಾಲಿನಲ್ಲಿ ಕೊಟ್ಟರೆ ಕರು ಸತ್ತ ಮನೆಯ ಗಿಣ್ಣ ಎಂದು ಯಾರೂ ಮುಟ್ಟಲಿಲ್ಲವಂತೆ.

“ನೀವರ ತಿನ್ರಿ,” ಎಂದರು. “ನಿಮ್ಮಿಂದ ತಾಯಿ ಉಳೀತು.” ಬಾಗಿಲ ತನಕ ಹೋಗಿ ತಿರುಗಿ ನಿಂತರು. “ಒಂದ ಮಾತ ಕೇಳ್ತೇನಿ ಅಣ್ಣಾರ. ಖರೇ ಹೇಳ್ರಿ. ಆ ಹತ್ತ ದಿನ ತಡದಿದ್ರ ಕರಾ ಉಳೀತಿತ್ತೇನ್ರಿ? ನಾ ಗಡಬಡ ಮಾಡಿ ಕೊಂದಂಗ ಆತೇನ?”

“ಅಂಥಾದ್ದೇನಿಲ್ರಿ ಆಪಾ,” ಎಂದೆ.

ಅವರು ಹೋದ ಮೇಲೆ ಡಬ್ಬಿಯ ಮುಚ್ಚಳ ತೆಗೆದೆ. ಒಂದು ಚೂರು ಬಾಯಿಗೆ ಹಾಕಿಕೊಂಡು, ಮತ್ತೆ ಮುಚ್ಚಿಟ್ಟೆ. ಕರು ಸತ್ತ ದುಃಖವನ್ನು ನಾನು ಹೇಗೋ ಹೊತ್ತುಕೊಂಡಿದ್ದೆ. ಎಳೆದೆವು, ಪ್ರಯತ್ನಪಟ್ಟೆವು, ಆಗಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನನ್ನ ಪಾಪವನ್ನು ಆ ಹೆಣ್ಣುಮಗಳು ತನ್ನದೆಂದು ತಿಳಿದು ಹೊರುತ್ತಿದ್ದಳು, ನಾನು ಅದನ್ನು ಹೊರಲು ಬಿಟ್ಟಿದ್ದೆ. ಡಾಕ್ಟರಿಗೆ ಹೇಳಿದ್ದರಿಂದ ನನ್ನ ಮನಸ್ಸು ಹಗುರಾಗಿದೆ ಎಂದುಕೊಂಡಿದ್ದೆನಲ್ಲ, ಅದು ನಾಚಿಕೆಯ ಮಾತು. ಹೇಳಬೇಕಾದವರು ಬೇರೆ ಇದ್ದರು.

ಐದನೆಯ ದಿನ ಗುರುವಾರ. ಮುಂಜಾನೆ ಹೋದಾಗ ಮುನ್ನಿ ಮೊದಲು ಹಿಂಗಾಲು ಊರಿ, ನಡುಗುತ್ತ, ತಾನೇ ಎದ್ದು ನಿಂತಿತು. ಎತ್ತಲು ಬಂದಿದ್ದ ಆರು ಜನವೂ ಸುಮ್ಮನೆ ನೋಡುತ್ತ ನಿಂತರು. ಲಾರಿಗಳಿಗೆ ಅಂದು ಕೆಲಸವಿರಲಿಲ್ಲ, ಆಪಾರ ಗಂಡನೂ ಅಲ್ಲಿದ್ದ. ಪಕ್ಕದ ಕೋಣೆಯವಳು ಬಾಗಿಲಲ್ಲಿದ್ದಳು. ಇನ್ನೊಂದು ದಿನಕ್ಕೆ ಇಟ್ಟರೆ ನಾನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಆಪಾ, ನಿಮ್ಮ ಎಣಿಕಿ ಸರಿ ಇತ್ತ್ರಿ,” ಎಂದೆ. “ಕಾರ್ಡ ಸುಳ್ಳ. ಎರಡನೇ ಸಲ ನಾ ಹಾಕಿದ್ದು ಸತ್ತ ಕಡ್ಡಿ. ಕ್ಯಾನ್ ಒಣಗಿತ್ತು, ಅದು ನನ್ನ ತಪ್ಪು. ಗೊತ್ತಿದ್ದ ಹಾಕಿದೆ, ಗೊತ್ತಿದ್ದ ಸುಳ್ಳ ತಾರೀಖ ಬರದೆ. ಕರಾ ದಿನಾ ತುಂಬಲಾರದ ಸತ್ತಿಲ್ಲ. ಹದಿಮೂರ ದಿನ ಮೀರಿತ್ತು. ನೀವು ಹೇಳಿದಾಗ ನಾ ಕೇಳಿದ್ರ ಉಳೀತಿತ್ತೋ ಏನೋ.”

ಗಂಡ ಎರಡು ಹೆಜ್ಜೆ ನನ್ನ ಕಡೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದಿತ್ತು. ಆದರೆ ಅವನು ನಿಂತುಬಿಟ್ಟ. “ಆ ಕಾರ್ಡ ನಾನ ಓದಿ ಹೇಳ್ತಿದ್ದೆ ಇಕೀಗೆ,” ಎಂದ, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದ ಹಾಗೆ. ಹೆಂಡತಿಯ ಮುಖ ನೋಡದೆ ಒಳಗೆ ಹೋದ.

ಆಪಾ ಮುನ್ನಿಯ ಬೆನ್ನಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆಯುತ್ತಿದ್ದರು.

“ರೋಜಾ ಇದ್ದೆ ನಾ ಅವತ್ತ,” ಎಂದರು. “ಬಿಸಲಾಗ ಹಗ್ಗಾ ಹಿಡಕೊಂಡ ನಿಂತಿದ್ದೆ.” ಇನ್ನೊಂದೆರಡು ಎಳೆ ತೆಗೆದು ಮತ್ತೆ ಹೇಳಿದರು. “ಕರಾ ಹೋತು. ಅಲ್ಲಾಹನ ಮರ್ಜಿ ಅಂತ ನಾ ಸುಮ್ಮನಾದೇನು. ಆದ್ರ ಮಂದಿ ಎಲ್ಲಾ ನಿನಗ ಎಣಸಾಕ ಬರಂಗಿಲ್ಲ ಅಂದ್ರು. ಕಡೀಕ ನನಗೂ ಹಂಗ ಅನಸಾಕ ಹತ್ತಿತ್ತು. ನೀವು ಇಲ್ಲೇ ಕುಂತಿದ್ರಿ, ಕೇಳಾಕತ್ತಿದ್ರಿ. ಇದಕ್ಕ ನಾ ಯಾರ ಮರ್ಜಿ ಅನ್ಲಿ?”

ಅವರು ಅಳಲಿಲ್ಲ, ದನಿ ಏರಿಸಲಿಲ್ಲ. ಹುಲ್ಲು ತೆಗೆಯುವುದು ಮುಗಿದ ಮೇಲೆ ಒಳಗೆ ಹೋಗಿ, ಆಕಳಿಗೆ ನೀರು ತಂದಿಟ್ಟರು.

ಅಂದೇ ಸಂಘದ ಕಾರ್ಯದರ್ಶಿಗೂ ಹೇಳಿದೆ. ನನ್ನಿಂದ ಕ್ಯಾನು ತೆಗೆದುಕೊಂಡು ಹಾಲು ಅಳೆಯುವಲ್ಲಿ ಹಾಕಿದರು, ಅಲ್ಲಿ ನಾಲ್ಕು ತಿಂಗಳು ಪಾತ್ರೆ ತೊಳೆದೆ. ಮುನ್ನಿ ಕರುವಿಲ್ಲದೆಯೂ ಹಾಲು ಕೊಟ್ಟಿತು. ಆಪಾ ದಿನಾ ಮುಂಜಾನೆ ತಂಬಿಗೆ ತಂದು ನನ್ನೆದುರು ಅಳೆಸುತ್ತಿದ್ದರು. ಹಾಲು ಒಂದು ಹೊತ್ತಿಗೆ ಮೂರು ಲೀಟರು ಮೀರಲಿಲ್ಲ. ಅವರು ಕಲ್ಲು ಹೊರುವುದನ್ನು ಬಿಡಲಿಲ್ಲ.

ಮಳೆ ಹಿಡಿಯುವ ಮೊದಲು ನನ್ನ ಕ್ಯಾನು ನನಗೆ ತಿರುಗಿ ಸಿಕ್ಕಿತು. ಆಮೇಲೆ ಕೆಲವೇ ದಿನಕ್ಕೆ, ಒಂದು ಮುಂಜಾನೆ, ಕೇಂದ್ರದ ಮುಂದಿನ ರಸ್ತೆಯಲ್ಲಿ ಆಪಾ ಮುನ್ನಿಯನ್ನು ಹಿಡಿದುಕೊಂಡು ಬರುತ್ತಿರುವುದು ಕಂಡಿತು. ಆಕಳ ಹಿಂಭಾಗದಲ್ಲಿ ಲೋಳೆ ಮಿಂಚುತ್ತಿತ್ತು, ಬೆದೆಗೆ ಬಂದಿತ್ತು. ನಾನು ಎದ್ದು ಬಾಗಿಲಿಗೆ ಬಂದೆ. ನೀರು ಕಾಯಿಸಲು ಒಲೆಯ ಕಡೆ ಕೈ ಕೂಡ ಚಾಚಿದ್ದೆ.

“ಆರಾಮ ಅದೀರೇನ್ರಿ ಅಣ್ಣಾರ?” ಎಂದರು ನಡೆಯುತ್ತಲೇ.

“ಆರಾಮ್ರಿ ಆಪಾ. ಎಲ್ಲಿಗೆ?”

“ಹೊಳಿ ಆಚಿ ಸಂಘಕ್ಕ.”

ಹೊಳೆಯಾಚೆಯ ಕೇಂದ್ರಕ್ಕೆ ಒಂದು ತಾಸಿನ ನಡಿಗೆ. ಮುನ್ನಿ ನಮ್ಮ ಅಂಗಳದ ಕಲ್ಲಿನ ದೋಣಿಯಲ್ಲಿ ನೀರು ಕಂಡು ನಿಂತಿತು, ಕತ್ತು ಅತ್ತ ಚಾಚಿತು. ಆಪಾ ಅದರ ಗಂಗೆದೊಗಲು ಸವರಿ, ಹಗ್ಗವನ್ನು ಮೆಲ್ಲಗೆ ಜಗ್ಗಿದರು.

“ನಡಿಯವ್ವಾ,” ಎಂದರು ಆಕಳಿಗೆ. “ನೀರ ಅಲ್ಲೂ ಸಿಗತೈತಿ.”